ಕೊಂಡವಾಡದ ಹಿಂಬಾಗಿಲು

ತುಡುಗು ದನ ಕಂಡರೆ ನಮ್ಮ ಗೊರೇಬಾಳದ ಕಡೆ ಹಿರಿಯರು ‘ಕೊಂಡವಾಡಕ್ಕ ಹಾಕ್ರಿ’ ಅನ್ನುತ್ತಿದ್ದರು. ಹೊಲ ಮೇಯ್ದ ದನವನ್ನು ಕೂಡಿಹಾಕುವ ಸರ್ಕಾರಿ ದೊಡ್ಡಿ ಅದು. ಬ್ರಿಟಿಷರ 1871ರ ಕಾಯ್ದೆ ಓದಿದರೆ (ನಾವಾಗ ನಿಜಾಮನ ಸೀಮೆ, ಆ ಮಾತು ಬೇರೆ) ಒಂದು ಸಂಗತಿ ಕಣ್ಣಿಗೆ ಬೀಳುತ್ತೆ. ಏಳು ದಿನ ಯಾರೂ ಬರದಿದ್ದರೆ ನೋಟೀಸು, ಮತ್ತೆ ಏಳು ದಿನ ಕಾದು ಹರಾಜು! ದೊಡ್ಡಿ ತುಂಬಿ ತುಳುಕದಂತೆ ಒಂದು ಹಿಂಬಾಗಿಲು ಇತ್ತು. ಅದು ಎಲ್ಲಿಗೆ ಹೋಗುತ್ತೆ ಅಂತ ಕಾಯ್ದೆ ಕೇಳುತ್ತಿರಲಿಲ್ಲ.

ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಮೇಲೆ ಟ್ರ್ಯಾಕ್ಟರು. ಎತ್ತು ಬೇಡವಾಯಿತು. 1964ರ ರಾಜ್ಯದ ಕಾಯ್ದೆ ಆಕಳನ್ನು ಕಾಪಾಡಿದರೂ, 12 ವರ್ಷ ಮೀರಿದ ಎತ್ತನ್ನು ಸರ್ಟಿಫಿಕೇಟು ಪಡೆದು ಕಸಾಯಿಖಾನೆಗೆ ಕಳಿಸಬಹುದಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಆ ಬಾಗಿಲನ್ನೂ ಮುಚ್ಚಿತು. ಉಳಿದದ್ದು ಗೋಶಾಲೆ... ಒಳಗೆ ಹೋಗಲು ದಾರಿಯಿದೆ, ಹೊರಗೆ ಬರಲು ಇಲ್ಲ. 2022ರಲ್ಲಿ ಸರ್ಕಾರವೇ ‘ಪುಣ್ಯಕೋಟಿ ದತ್ತು ಯೋಜನೆ’ ತಂದು, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಒಂದು ಗೋವನ್ನು ಸಾಕಿ ಅಂತ ಜನರನ್ನು ಕೇಳಿತು. ಹರಾಜಿಗಿಂತ ಇದು ಮೇಲು ಅಂತ ನನಗೂ ಅನಿಸುತ್ತೆ, ಆದರೆ ಮೇವಿನ ಲೆಕ್ಕವನ್ನು ಕಾಯ್ದೆಯ ಜೊತೆಗೇ ಬರೆಯಬೇಕಿತ್ತು.

ನಮ್ಮಪ್ಪ ಮುದಿ ಎತ್ತನ್ನು ಮಾರಿದ ದಿನ ಸಂತೆಯಿಂದ ಬಂದವರು ಊಟ ಮಾಡಲಿಲ್ಲ. ಎತ್ತು ಎಲ್ಲಿಗೆ ಹೋಯ್ತು ಅಂತ ನಾವೂ ಕೇಳಲಿಲ್ಲ.