ಮೂಸು

ವಾಸನೆ ತಾನಾಗಿ ಬರುತ್ತದೆ. ಮೂಸುವುದು ಬೇಕೆಂದೇ ಮಾಡುವ ಕೆಲಸ. ‘ಮೂಸು’ ಎಂಬ ಕ್ರಿಯಾಪದದ ಜೀವ ಇರುವುದು ಈ ಅಂತರದಲ್ಲಿ. ರಾಯಚೂರು ಜಿಲ್ಲೆಯ ಮಲ್ಲಟ, ಮಾನ್ವಿ, ದೇವದುರ್ಗದ ಕಡೆ ಅದು ದನ, ಕುರಿ ಸಾಕುವವರ ದಿನಬಳಕೆಯ ಮಾತು. ಮುಗ್ಗಿದ ಕಣಿಕಿಯನ್ನು ಎತ್ತು ಮೂಸಿ ಬಿಡುತ್ತದೆ, ಬಾಯಿ ಹಾಕುವುದಿಲ್ಲ. ಕೊಳ್ಳುವವರಿಲ್ಲದ ಸರಕಿಗೆ ‘ಯಾರೂ ಮೂಸಿ ನೋಡಲಿಲ್ಲ’ ಎನ್ನುವಾಗ ಎತ್ತಿನ ಆ ಪರೀಕ್ಷೆಯೇ ಮನುಷ್ಯರ ಸಂತೆಗೆ ಬಂದಿರುತ್ತದೆ. ಪೂಜೆಯ ಹೂವಿನ ವಿಷಯದಲ್ಲಿ ಪದ ಇನ್ನೂ ಕಟ್ಟುನಿಟ್ಟು. ಮೂಸಿದ ಹೂವನ್ನು ದೇವರಿಗೆ ಏರಿಸುವುದಿಲ್ಲ. ತಾನಾಗಿ ಬಂದ ಪರಿಮಳಕ್ಕೆ ಆ ದೋಷ ತಟ್ಟದು.

ಮೂಗಿನ ರಚನೆಯೂ ಈ ಅಂತರವನ್ನು ಒಪ್ಪುತ್ತದೆ. ಸುಮ್ಮನೆ ಉಸಿರಾಡುವಾಗ ಗಾಳಿಯ ಬಹುಪಾಲು ಕೆಳದಾರಿ ಹಿಡಿದು ಗಂಟಲಿಗೆ ಇಳಿಯುತ್ತದೆ. ವಾಸನೆ ಹಿಡಿಯುವ ಪೊರೆ ಇರುವುದು ಮೇಲೆ, ಹಿಂಬದಿಯಲ್ಲಿ, ಸುರುಳಿ ಸುತ್ತಿದ ತೆಳು ಮೂಳೆಗಳ ಮೇಲೆ. ಮೂಸಿದಾಗ ಚಿಕ್ಕ, ರಭಸದ ಉಸಿರುಗಳು ಗಾಳಿಯನ್ನು ಅಲ್ಲಿಗೆ ಎಳೆಯುತ್ತವೆ. ನಾಯಿ ಸೆಕೆಂಡಿಗೆ ಸುಮಾರು 5 ಸಲ ಮೂಸಬಲ್ಲದು. ಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಬೀಳುವುದರಿಂದ ಎದುರಿನ ವಾಸನೆ ಚದುರುವುದಿಲ್ಲ. ಕಣ್ಣಿನ ಬಲದಿಂದ ಬೇಟೆ ಅಟ್ಟುವ ಮುಧೋಳ ನಾಯಿಗೂ ಮೂಗಿನ ಈ ಏರ್ಪಾಡು ಇದ್ದೇ ಇದೆ.

ಪೊರೆಯಲ್ಲಿರುವ ನರಕೋಶಗಳ ರೋಮದಂಥ ತುದಿಗಳು ಲೋಳೆಯಲ್ಲಿ ಮುಳುಗಿರುತ್ತವೆ. ವಾಸನೆಯ ಕಣ ಕರಗಿ ಅವುಗಳಿಗೆ ತಾಗಬೇಕು. ಹೊರಗಿನ ಗಾಳಿಗೆ ಇಷ್ಟು ನೇರವಾಗಿ ಒಡ್ಡಿಕೊಂಡ ನರಕೋಶಗಳು ಬೇಗ ಸವೆಯುತ್ತವೆ, ಜೀವನದುದ್ದಕ್ಕೂ ಹೊಸದಾಗಿ ಹುಟ್ಟುತ್ತವೆ. ಅವುಗಳ ಎಳೆಗಳು ಜರಡಿಯಂತೆ ತೂತಾದ ಮೂಳೆಯನ್ನು ದಾಟಿ ಮಿದುಳಿನ ಘ್ರಾಣಗೆಡ್ಡೆಯನ್ನು ಸೇರುತ್ತವೆ. ವಾಸನೆ ಗುರುತಿಸುವ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು; 2004ರಲ್ಲಿ ಅವರಿಗೆ ನೊಬೆಲ್ ಬಂತು. ಕೆಲಸ ಮಾಡುವ ಇಂಥ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 400, ನಾಯಿಯಲ್ಲಿ ಸುಮಾರು 800, ಆಫ್ರಿಕಾದ ಆನೆಯಲ್ಲಿ 2000ದ ಹತ್ತಿರ.

ಮೂಸುವುದರ ಮಹತ್ವ ಎದ್ದು ಕಾಣುವುದು ಕುರಿಹಿಂಡಿನಲ್ಲಿ. ಈ ಜಿಲ್ಲೆಯ ಗುಡ್ಡದ ಸೀಮೆಯ ಕೆಂಗುರಿಯಾಗಲಿ, ಬೇರೆ ತಳಿಯಾಗಲಿ, ಈದ ಕುರಿ ಮರಿಯನ್ನು ನೆಕ್ಕುತ್ತ, ಮೂಸುತ್ತ ಕೆಲವೇ ಗಂಟೆಗಳಲ್ಲಿ ಅದರ ವಾಸನೆಯನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಆಮೇಲೆ ಬೇರೆ ಮರಿ ಮೊಲೆಗೆ ಬಂದರೆ ಒದ್ದು ಓಡಿಸುತ್ತದೆ. ತಬ್ಬಲಿ ಮರಿಗೆ ಸತ್ತ ಮರಿಯ ತೊಗಲು ಹೊದಿಸಿ, ಮರಿ ಕಳೆದುಕೊಂಡ ಕುರಿಗೆ ಒಪ್ಪಿಸುವ ಉಪಾಯವನ್ನು ಹಲವು ದೇಶಗಳ ಕುರಿಗಾರರು ಬಲ್ಲರು. ಹಿರಿಯರು ಮಗುವಿನ ನೆತ್ತಿ ಮೂಸುವಾಗಲೂ ಪದ ಇದೇ. ಅಲ್ಲಿ ಅದಕ್ಕೆ ಅಕ್ಕರೆಯ ಅರ್ಥ.

ಹೋರಿಯ ಮೂಸುವಿಕೆಯಲ್ಲಿ ಇನ್ನೊಂದು ಅಂಗವೂ ಪಾಲುಗೊಳ್ಳುತ್ತದೆ. ಆಕಳ ಗಂಜಳಕ್ಕೆ ಮೂತಿ ತಾಗಿಸಿದ ಹೋರಿ ಕತ್ತು ಚಾಚಿ, ಮೇಲ್ತುಟಿ ಮಡಚಿ, ಅರೆಗಳಿಗೆ ಹಾಗೇ ನಿಲ್ಲುತ್ತದೆ. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ಒಸಡಿದೆ. ಅದರ ಹಿಂದೆ ಅಂಗುಳಿನಲ್ಲಿರುವ ಎರಡು ಸಣ್ಣ ನಾಳಗಳ ಮೂಲಕ ದ್ರವದ ಕಣಗಳು, ಮೂಗಿನ ನಡುಗೋಡೆಯ ಬುಡದಲ್ಲಿ ಎರಡೂ ಬದಿಗೆ ಮಲಗಿದ ಕೊಳವೆಗಳಿಗೆ ಏರುತ್ತವೆ. ಡೆನ್ಮಾರ್ಕಿನ ಲುಡ್ವಿಗ್ ಯಾಕೋಬ್ಸನ್ 1813ರಲ್ಲಿ ಇವನ್ನು ವರ್ಣಿಸಿದ್ದರಿಂದ ಅವರ ಹೆಸರೇ ಈ ಅಂಗಕ್ಕೆ ನಿಂತಿದೆ. ಇದರ ನರಗಳು ಪ್ರತ್ಯೇಕ ಗೆಡ್ಡೆಗೆ, ಅಲ್ಲಿಂದ ಕೂಡುವಿಕೆಯನ್ನು ನಿಯಂತ್ರಿಸುವ ಮಿದುಳಿನ ಭಾಗಗಳಿಗೆ ಹೋಗುತ್ತವೆ. ಆಕಳು ಬೆದೆಗೆ ಬಂದಿದೆಯೇ ಎಂಬುದನ್ನು ತಿಳಿಯುವುದಕ್ಕೆ ಇದು ನೆರವಾಗುತ್ತದೆ. ಕುದುರೆಯೂ ತುಟಿ ಎತ್ತುತ್ತದೆ, ಆದರೆ ಅದರ ನಾಳ ಬಾಯಿಗೆ ತೆರೆಯುವುದಿಲ್ಲ. ವಾಸನೆ ಮೂಗಿನಿಂದಲೇ ಒಳಸೇರಬೇಕು.

ಗರ್ಭದಲ್ಲಿರುವ ಮನುಷ್ಯಶಿಶುವಿನಲ್ಲಿ ಯಾಕೋಬ್ಸನ್ ಅಂಗ ಮೂಡುತ್ತದೆ. ದೊಡ್ಡವರಲ್ಲಿ ಹಲವರಿಗೆ ಅದರ ಗುರುತಾಗಿ ಒಂದು ಸಣ್ಣ ಕುಳಿ ಉಳಿದಿರುತ್ತದೆ, ಅಷ್ಟೇ. ಮಿದುಳಿಗೆ ಸುದ್ದಿ ಒಯ್ಯುವ ನರ ಇರುವುದಿಲ್ಲ. ಆ ಅಂಗಕ್ಕೆ ಅಗತ್ಯವಾದ ಒಂದು ವಂಶವಾಹಿಯೂ ಮನುಷ್ಯನಲ್ಲಿ, ವಾನರಗಳಲ್ಲಿ, ಏಷ್ಯಾ ಮತ್ತು ಆಫ್ರಿಕಾದ ಮಂಗಗಳಲ್ಲಿ ಕೆಟ್ಟುಹೋಗಿದೆ.