ಎಡನೀರಿನ ದಾವೆ, ದೆಹಲಿಯ ನೇಮಕ

ಮಹಾಜನ ವರದಿಯೆಂದರೆ ಏನೆಂಬುದನ್ನು ಅಕ್ಕಲಕೋಟದ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನರನ್ನು ಕೇಂದ್ರ ಸರಕಾರವು 1966ರಲ್ಲಿ ಮಹಾರಾಷ್ಟ್ರದ ಒತ್ತಾಯದ ಮೇರೆಗೇ ಗಡಿ ಆಯೋಗಕ್ಕೆ ನೇಮಿಸಿತು. ನಮ್ಮ ತಾಲೂಕನ್ನೂ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನೂ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಅವರು ಸೂಚಿಸಿದರು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಕಡತದಲ್ಲಿಯೇ ಉಳಿಯಿತು. ನ್ಯಾಯಾಧೀಶರನ್ನು ಕೇಳಿ ಪಡೆದವರೇ ಅವರ ಮಾತನ್ನು ಒಲ್ಲೆನೆನ್ನುವುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ.

ಅದೇ ಚಂದ್ರಗಿರಿಯ ಉತ್ತರಕ್ಕಿರುವ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮಠದ ಜಮೀನಿನ ದಾವೆಯು ಸಂವಿಧಾನದ ದಾವೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದು ತೀರ್ಪಾಯಿತು. (ಸ್ವಾಮಿಗಳಿಗೆ ಜಮೀನು ಮಾತ್ರ ಮರಳಲಿಲ್ಲ.)

ಬಹುಮತದಲ್ಲಿದ್ದವರಲ್ಲಿ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರೂ ಒಬ್ಬರು. ಅವರು 1952ರಿಂದ 1957ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. ಅಲ್ಲಿಂದ ಮೈಸೂರು ಹೈಕೋರ್ಟಿನ ಪೀಠಕ್ಕೆ ಬಂದವರು. ಪೀಠವೇರಿದ ಮೇಲೆ ಹಳೆಯ ಪಕ್ಷದ ಸರಕಾರದ ವಿರುದ್ಧ ತೀರ್ಪು ಬರೆಯಲು ಅವರು ಹಿಂಜರಿಯಲಿಲ್ಲ. ತೀರ್ಪಿನ ಮರುದಿನವೇ, ಜ್ಯೇಷ್ಠರಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಸರಕಾರದ ಪರವಾಗಿ ಅಭಿಪ್ರಾಯ ಬರೆದಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಘೋಷಿಸಲಾಯಿತು. ಮೂವರೂ ರಾಜೀನಾಮೆಯಿತ್ತರು.

ಜ್ಯೇಷ್ಠತೆಯ ನಿಯಮ ಸಂವಿಧಾನದಲ್ಲಿಲ್ಲ, ಅದು ರೂಢಿ ಮಾತ್ರ ಎಂಬುದು ನಿಜವೇ. ನ್ಯಾಯಮೂರ್ತಿಯ ಜೀವನದೃಷ್ಟಿಯನ್ನೂ ಸರಕಾರ ನೋಡಬಹುದೆಂದು ಸಚಿವ ಮೋಹನ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿದರು. ಇದನ್ನು ನಾವು ಒಪ್ಪಲಾರೆವು. ಇಂದು ಒಬ್ಬರ ದೃಷ್ಟಿ ನೋಡಿದರೆ ನಾಳೆ ಗೆದ್ದವರೂ ತಮ್ಮ ದೃಷ್ಟಿಯವರನ್ನೇ ಹುಡುಕುವರು. ನೇಮಕಕ್ಕೆ ಶಾಸಕಾಂಗದ ಒಪ್ಪಿಗೆ ಬೇಕೆನ್ನುವ ಅಮೆರಿಕದ ಪದ್ಧತಿಯನ್ನು 1949ರಲ್ಲಿ ಡಾ. ಅಂಬೇಡ್ಕರರು ಬೇಡವೆಂದದ್ದು ರಾಜಕೀಯದ ಒತ್ತಡಕ್ಕೆ ಅಂಜಿ. ಸೆನೆಟ್ ಇಲ್ಲದೆಯೂ ಆ ಒತ್ತಡ ಇಲ್ಲಿಗೆ ಬಂದೇಬಿಟ್ಟಿತು. 1977ರಲ್ಲಿ ಖನ್ನಾ ಅವರನ್ನೂ ಹೀಗೆಯೇ ಬದಿಗಿರಿಸಲಾಯಿತು. ಅದೇ ವರ್ಷ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆಯ ಅಧ್ಯಕ್ಷರಾದರು. ಪಕ್ಷವನ್ನು ಬಿಟ್ಟು ಬಂದವರನ್ನು ಮರಳಿ ಪಕ್ಷಕ್ಕೇ ದೂಡಿದಂತಾಯಿತು.

ಮಹಾರಾಷ್ಟ್ರವು 2004ರಲ್ಲಿ ಹೂಡಿದ ಗಡಿ ದಾವೆ ಇರುವುದೂ ಅದೇ ನ್ಯಾಯಾಲಯದಲ್ಲಿ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಅಕ್ಕೋರೆ, ಆ ಜಡ್ಜ್ ಯಾವ ಪಾರ್ಟಿಯವ್ರು?”