ಸೋಲೋ ಕ್ಲಬ್ಬಿಗೆ ಹುಡುಗರು ಯಾಕೆ ಬಂದರು?

ಹೋದ ತಿಂಗಳು ಪುಣೆಯಲ್ಲಿ ನಮ್ಮ ಕನ್ನಡ ಬಳಗದ ಮೀಟಿಂಗಿಗೆ ಹೋಗಿದ್ದೆ. ಇಪ್ಪತ್ತು ಜನ ಇದ್ವಿ, ನಲವತ್ತು ದಾಟದವನು ನಾನೊಬ್ಬನೇ. ಹಿರಿಯರೊಬ್ಬರು, "ಏನಪ್ಪಾ, ಹಿಂಜವಡಿ ತುಂಬ ನಮ್ಮ ಹುಡುಗರೇ ಅಂತೆ, ಒಬ್ಬರೂ ಈ ಕಡೆ ತಲೆ ಹಾಕಲ್ವಲ್ಲ! ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟರ್ ಹಾಕು" ಅಂದ್ರು. ಹಾಕಿದೆ. ಯಾರೂ ಬರಲಿಲ್ಲ. ಆಗ ನೆನಪಾದದ್ದು ಜರ್ಮನಿಯ ಒಂದು ಫುಟ್‌ಬಾಲ್ ಕ್ಲಬ್. ಇವತ್ತು ಅದರ ಕಥೆ ಹೇಳ್ತೀನಿ.

ಹ್ಯಾಂಬರ್ಗ್ ನಗರದ ಬಂದರಿನ ಪಕ್ಕ ಸೇಂಟ್ ಪೌಲಿ ಅಂತ ಒಂದು ಬಡಾವಣೆ. ಹಡಗಿನವರು, ಬಾರ್‌ಗಳು, ಕಡಿಮೆ ಬಾಡಿಗೆಯ ಮನೆಗಳು. ಅಲ್ಲಿನ ಕ್ಲಬ್ಬಿಗೂ ಅದೇ ಹೆಸರು. 1977ರಲ್ಲಿ ಮೊದಲ ಸಲ ಬುಂಡೆಸ್‌ಲೀಗಾಗೆ ಹೋಯ್ತು, ಒಂದೇ ವರ್ಷಕ್ಕೆ ಕೆಳಗೆ ಬಂತು. 1979ರಲ್ಲಿ ದುಡ್ಡಿನ ತಾಪತ್ರಯದಿಂದ ಎರಡನೇ ದರ್ಜೆಯ ಲೈಸೆನ್ಸೂ ಹೋಗಿ ಮೂರನೇ ದರ್ಜೆಗೆ ಬಿತ್ತು. 1981ರ ಹೊತ್ತಿಗೆ ಪಂದ್ಯಕ್ಕೆ ಬರ್ತಿದ್ದದ್ದು ಸರಾಸರಿ 1,600 ಜನ. ಅದೇ ಊರಿನ ಇನ್ನೊಂದು ಕ್ಲಬ್ ಹ್ಯಾಂಬರ್ಗರ್ ಎಸ್‌ವಿ, 1983ರಲ್ಲಿ ಯುವೆಂಟಸ್ ತಂಡವನ್ನ ಸೋಲಿಸಿ ಯುರೋಪಿಗೇ ಚಾಂಪಿಯನ್ ಆಯ್ತು.

ಈಗ ಹೇಳಿ, ಹದಿನೆಂಟರ ಹುಡುಗ ಯಾವ ಕ್ಲಬ್ಬಿಗೆ ಹೋಗ್ತಾನೆ? ಚಾಂಪಿಯನ್ ಬಳಿಗೇ ತಾನೆ? ಆದರೆ ಆ ದೊಡ್ಡ ಸ್ಟೇಡಿಯಂನ ಗ್ಯಾಲರಿಯಲ್ಲಿ ಆಗ ನವನಾಜಿ ಪುಂಡರ ಹಾವಳಿ. ಮ್ಯಾಚ್ ನೋಡಕ್ಕೆ ಹೋದವರು ಒದೆ ತಿಂದು ಬರೋ ಪರಿಸ್ಥಿತಿ. ಇತ್ತ ಸೇಂಟ್ ಪೌಲಿಯ ಹಾಫೆನ್‌ಸ್ಟ್ರಾಸ ಬೀದಿಯಲ್ಲಿ, 1981ರಿಂದ, ಖಾಲಿ ಬಿದ್ದ ಮನೆಗಳಿಗೆ ಯುವಕರು ನುಗ್ಗಿ ಬಿಡಾರ ಹೂಡಿದ್ದರು. ಪಂಕ್ ಸಂಗೀತದವರು, ವಿದ್ಯಾರ್ಥಿಗಳು, ಕೆಲಸ ಇಲ್ಲದವರು. ನಡೆದು ಹೋಗೋ ದೂರದಲ್ಲೇ ಮಿಲರ್ನ್‌ಟೋರ್ ಸ್ಟೇಡಿಯಂ. 80ರ ದಶಕದ ನಡುವೆ ಅವರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ನಿಲ್ಲೋಕೆ ಶುರು ಮಾಡಿದರು. ಒಬ್ಬ ಪಂಕ್ ಹುಡುಗ ತಲೆಬುರುಡೆಯ ಬಾವುಟ ತಂದ. ಇವತ್ತು ಪ್ರಪಂಚಕ್ಕೆಲ್ಲ ಗೊತ್ತಿರೋ ಆ ಗುರುತು ಯಾವ ಆ್ಯಡ್ ಏಜೆನ್ಸಿಯ ತಲೆಯಿಂದಲೂ ಬಂದದ್ದಲ್ಲ, ಗ್ಯಾಲರಿಯಿಂದ ಬಂದದ್ದು. ತಂಡದ ಗೋಲ್‌ಕೀಪರ್ ಫೋಲ್ಕರ್ ಇಪ್ಪಿಗ್ ಸ್ವತಃ ಕೆಲಕಾಲ ಹಾಫೆನ್‌ಸ್ಟ್ರಾಸದಲ್ಲಿ ವಾಸ ಇದ್ದವನು.

ಗಮನಿಸಿ, ಕ್ಲಬ್ ಇವರನ್ನ ಕರೆದಿರಲಿಲ್ಲ. ಆದರೆ ಬಂದವರನ್ನ ಓಡಿಸಲೂ ಇಲ್ಲ. ನನ್ನ ಪ್ರಕಾರ ಕಥೆಯ ತಿರುವು ಇರೋದು ಅಲ್ಲೇ.

1989ರಲ್ಲಿ ಸ್ಟೇಡಿಯಂ ಕೆಡವಿ ಅಲ್ಲಿ ಭಾರಿ 'ಸ್ಪೋರ್ಟ್ ಡೋಮ್' ಕಟ್ಟೋ ಯೋಜನೆ ಬಂತು. ಬಾಡಿಗೆ ಏರುತ್ತೆ, ನಾವು ಊರು ಬಿಡಬೇಕಾಗುತ್ತೆ ಅಂತ ನಿವಾಸಿಗಳಿಗೆ ಭಯ. ಅವರ ಜೊತೆ ಫ್ಯಾನ್‌ಗಳೂ ಸೇರಿದರು. ಒಂದು ಪಂದ್ಯದಲ್ಲಿ ಕೆಲವು ನಿಮಿಷ ಇಡೀ ಗ್ಯಾಲರಿ ಬಾಯಿ ಬಿಡಲಿಲ್ಲ. ಅಂಥಾ ಗದ್ದಲದ ಜನ ಸುಮ್ಮನಾದರೆ ಹೇಗಿರುತ್ತೆ, ಯೋಚಿಸಿ! ಯೋಜನೆ ಬಿದ್ದುಹೋಯ್ತು. ಅದೇ ವರ್ಷ ಫ್ಯಾನ್‌ಗಳು 'ಮಿಲರ್ನ್‌ಟೋರ್ ರೋರ್' ಅಂತ ತಮ್ಮದೇ ಪತ್ರಿಕೆ ತೆಗೆದರು. ಆಮೇಲೆ ಅವರದ್ದೇ ಒಂದು ಕಚೇರಿಯೂ ಬಂತು. ಜನಾಂಗದ್ವೇಷದ ಘೋಷಣೆ ಸ್ಟೇಡಿಯಂನಲ್ಲಿ ಕೂಡದು ಅನ್ನೋ ನಿಯಮಕ್ಕೆ ಒತ್ತಾಯ ಮಾಡಿದ್ದು ಅವರೇ. 90ರ ದಶಕದ ಶುರುವಿನಲ್ಲಿ ಕ್ಲಬ್ ಅದನ್ನ ಒಪ್ಪಿಕೊಳ್ತು. ಆ ದಶಕದ ಕೊನೆಗೆ 20,000 ಜನ ಹಿಡಿಸೋ ಸ್ಟೇಡಿಯಂ ಮತ್ತೆ ಮತ್ತೆ ತುಂಬ್ತಿತ್ತು.

ಹಾಗಂತ ತಂಡ ಗೆಲ್ತಾ ಇತ್ತಾ? ಇಲ್ಲ ಸ್ವಾಮಿ! 2002ರಲ್ಲಿ, ಆಗಿನ ವಿಶ್ವ ಕ್ಲಬ್ ಚಾಂಪಿಯನ್ ಬಯರ್ನ್ ಮ್ಯೂನಿಕ್ ತಂಡವನ್ನ 2–1ರಿಂದ ಸೋಲಿಸಿದ್ದು ನಿಜ. ಆದರೆ ಅದೇ ಸೀಸನ್ನಿನ ಕೊನೆಗೆ ಕೆಳಗಿಳಿಯಿತು, ಮರುವರ್ಷ ಮತ್ತೆ ಮೂರನೇ ದರ್ಜೆ. 2003ರಲ್ಲಿ ಕ್ಲಬ್ ದಿವಾಳಿ ಅಂಚಿಗೆ ಬಂತು. ಆಗ 'ರಕ್ಷಕ' ಅನ್ನೋ ಅರ್ಥದ ಜರ್ಮನ್ ಪದ ಅಚ್ಚು ಹಾಕಿದ ಟೀ ಶರ್ಟು ಮಾರಾಟಕ್ಕಿಟ್ಟರು. ಕೆಲವೇ ವಾರಗಳಲ್ಲಿ 1,00,000ಕ್ಕೂ ಹೆಚ್ಚು ಶರ್ಟು ಹೋದವು. ಸಹಾಯಕ್ಕೆ ಅದೇ ಬಯರ್ನ್ ಬಂದು ಒಂದು ಪಂದ್ಯ ಆಡಿಕೊಟ್ಟಿತು. ಕ್ಲಬ್ ಉಳೀತು. ಇತ್ತೀಚೆಗೆ 20,000ಕ್ಕೂ ಹೆಚ್ಚು ಜನ ಸಹಕಾರ ಸಂಘ ಮಾಡಿ, ಷೇರು ಹಾಕಿ, ಸ್ಟೇಡಿಯಂನ ದೊಡ್ಡ ಪಾಲನ್ನೇ ತಮ್ಮದು ಮಾಡಿಕೊಂಡಿದ್ದಾರೆ. ನಮ್ಮೂರಿನ ಹಾಲಿನ ಸೊಸೈಟಿ ನೆನಪಾಗುತ್ತಲ್ವಾ?

ಗೆಲುವು ನೋಡಿ ಬಂದವರು ಸೋತಾಗ ಹೋಗ್ತಾರೆ. ಸೇಂಟ್ ಪೌಲಿಯ ಹುಡುಗರು ಹೋಗಲಿಲ್ಲ, ಯಾಕಂದ್ರೆ ಬಾವುಟ ಅವರದ್ದು, ಪತ್ರಿಕೆ ಅವರದ್ದು, ನಿಯಮವೂ ಅವರದ್ದು.

ನನ್ನ ಪೋಸ್ಟರಿನಲ್ಲಿ ಏನಿತ್ತು ಗೊತ್ತಾ? "ಯುವಕರು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಬೇಕು." ಅಂದ್ರೆ ಬನ್ನಿ, ಕುರ್ಚಿ ತುಂಬಿಸಿ, ಚಪ್ಪಾಳೆ ತಟ್ಟಿ, ಹೋಗಿ. ನಾನಾಗಿದ್ರೂ ಬರ್ತಿರಲಿಲ್ಲ. ಅದಕ್ಕೇ ಈ ಸಲ ರಾಜ್ಯೋತ್ಸವವನ್ನ ಖರ್ಚಿನ ಲೆಕ್ಕದ ಸಮೇತ ಹೊಸಬರ ಕೈಗೇ ಕೊಟ್ಟುಬಿಡೋಣ ಅಂದೆ. ಅವರು ಭಾಷಣ ಬೇಡ ಅಂದ್ರೆ ಬೇಡ. ಹಿರಿಯರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ. ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇದೆ.

ನಿಮ್ಮ ಊರಿನ ಸಂಘದಲ್ಲಿ ಹೇಗಿದೆ, ಬರೆದು ತಿಳಿಸಿ. ಮತ್ತೆ ಸಿಗೋಣ.